ಬಿಸಿ ನಡೆಯುವ ಮೂರು ಹಾದಿಗಳು

ವೈಶಾಖ ಕಾಲಿರಿಸಿತೆಂದರೆ ಸಾಂಗಲಿ, ಮಿರಜ, ತಾಸಗಾಂವ, ಜತ್ತಗಳಲ್ಲಿ ಕನ್ನಡದ ಮನೆಯಲ್ಲಿಯೂ ಮರಾಠಿಯ ಮನೆಯಲ್ಲಿಯೂ ಮಾತು ಒಂದೇ: ಬಿಸಿಲು. ಉಷ್ಣಮಾನ ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮಧ್ಯಾಹ್ನಗಳಲ್ಲಿ ನಾವು ಬಾಗಿಲು ಹಾಕಿ, ಪಂಖ ತಿರುಗಿಸಿ, ಮಜ್ಜಿಗೆ ಕುಡಿದು ಹೊತ್ತು ಕಳೆಯುತ್ತೇವೆ. ಆದರೂ ಬಿಸಿ ಒಳಗೆ ಬಂದೇ ಬರುತ್ತದೆ. ಮುಚ್ಚಿದ ಮನೆಯನ್ನು ಅದು ಹೊಕ್ಕಿದ್ದು ಹೇಗೆ? ಇದು ಶಾಲೆಯ ಮಕ್ಕಳ ಪರೀಕ್ಷೆಗಷ್ಟೇ ಸೇರಿದ ಪ್ರಶ್ನೆಯಲ್ಲ. ಮನೆಯ ಹಿರಿಯರ, ಹಸುಗೂಸುಗಳ ಜೀವಕ್ಕೆ ಸಂಬಂಧಿಸಿದ ಪ್ರಶ್ನೆ. ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಸೀಮೆಯ ಅರಿಸಿನದ ಪೇವು, ಬೆಲ್ಲದ ಗಾಣ, ಒಣದ್ರಾಕ್ಷಿಯ ಚಪ್ಪರಗಳೇ ಅದನ್ನು ಹೇಳುತ್ತವೆ.

ಉಷ್ಣದ ಮೂಲನಿಯಮ ಸರಳವಾದುದು. ಬಿಸಿಯಾದುದರಿಂದ ತಣ್ಣಗಿರುವುದರ ಕಡೆಗೆ ಅದು ಹರಿಯುತ್ತದೆ. ತಾನಾಗಿ ಎಂದೂ ಹಿಮ್ಮುಖವಾಗದು. ಹಾಗೆ ಹರಿಯಲು ಅದಕ್ಕಿರುವ ಹಾದಿಗಳು ಮೂರು: ಘನವಸ್ತುಗಳಲ್ಲಿ ವಹನ, ದ್ರವ ಮತ್ತು ಅನಿಲಗಳಲ್ಲಿ ಮುಖ್ಯವಾಗಿ ಸಂವಹನ, ಏನೂ ಇಲ್ಲದ ಬಯಲಿನಲ್ಲಿ ವಿಕಿರಣ.

ಮಣ್ಣಿನೊಳಗಿನ ನಿಧಾನ ನಡಿಗೆ

ಜಾತ್ರೆಯ ಗದ್ದಲದಲ್ಲಿ ಹಿಂದಿನವರು ನೂಕಿದರೆ ಮುಂದಿನವರಿಗೆ ಪೆಟ್ಟು ತಗಲುತ್ತದೆ. ಜನ ತಮ್ಮ ಜಾಗ ಬಿಟ್ಟಿರುವುದಿಲ್ಲ, ನೂಕು ಮಾತ್ರ ಮುಂದೆ ಸಾಗಿರುತ್ತದೆ. ವಹನವೆಂದರೆ ಇದೇ. ಒಲೆಯ ಮೇಲಿನ ಹಂಚಿನಲ್ಲಿ ಉರಿಗೆ ತಗುಲಿದ ಕಣಗಳು ಹೆಚ್ಚು ಕಂಪಿಸಿ ಪಕ್ಕದ ಕಣಗಳನ್ನು ನೂಕುತ್ತವೆ; ಕೊನೆಗೆ ಆ ನೂಕು ಮೇಲಿನ ರೊಟ್ಟಿಯನ್ನು ಮುಟ್ಟುತ್ತದೆ. ಲೋಹಗಳಲ್ಲಿ ಈ ಕೆಲಸ ಬೇಗ. ತಾಮ್ರವು ಕಬ್ಬಿಣದ ಐದು ಪಟ್ಟು, ಸ್ಟೇನ್‌ಲೆಸ್ ಸ್ಟೀಲಿನ ಸುಮಾರು ಇಪ್ಪತ್ತೈದು ಪಟ್ಟು ಉಷ್ಣವನ್ನು ಸಾಗಿಸಬಲ್ಲದು. ಸ್ಟೀಲಿನ ಪಾತ್ರೆಗೆ ತಾಮ್ರದ ತಳ ಹಾಕುವುದು ಇದಕ್ಕಾಗಿಯೇ. ಕಟ್ಟಿಗೆ ಬಹು ಮಂದ. ಅಲುಗಾಡದೆ ನಿಂತ ಗಾಳಿ ಅದಕ್ಕಿಂತಲೂ ಮಂದ. ನಮ್ಮ ಅಜ್ಜಿಯರು ಹೊಲಿದ ಕೌದಿ ಬಿಸಿಯನ್ನು ಕೊಡುವುದಿಲ್ಲ. ಪದರುಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ನಮ್ಮ ಮೈಬಿಸಿಯನ್ನು ಕಾಯುತ್ತದೆ, ಅಷ್ಟೇ.

ದಪ್ಪ ಹೆಚ್ಚಿದಂತೆ ವಹನಕ್ಕೆ ಬೇಕಾಗುವ ಕಾಲ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ಅರಿಸಿನ ಬೇಯಿಸುವವರು ಕೊಂಬುಗಳನ್ನೂ ದಪ್ಪ ಗಡ್ಡೆಗಳನ್ನೂ ಬೇರೆ ಬೇರೆಯಾಗಿ ಬೇಯಿಸುವುದು ಈ ಕಾರಣಕ್ಕೆ. ಒಟ್ಟಿಗೆ ಹಾಕಿದರೆ ಗಡ್ಡೆಯ ನಡುವೆ ಬಿಸಿ ಮುಟ್ಟುವ ಹೊತ್ತಿಗೆ ಕೊಂಬು ಅತಿಯಾಗಿ ಬೆಂದಿರುತ್ತದೆ.

ಈ ನಿಧಾನವನ್ನೇ ಸಾಂಗಲಿಯ ವ್ಯಾಪಾರಿಗಳು ಬಂಡವಾಳ ಮಾಡಿಕೊಂಡರು. ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುವ ಹರಿಪುರದಲ್ಲಿ ಅರಿಸಿನವನ್ನು ನೆಲದಡಿಯ ಪೇವುಗಳಲ್ಲಿ ಇಡುವ ಪದ್ಧತಿ ಬೆಳೆಯಿತು. ನಮ್ಮ ಕನ್ನಡ ನಾಡಿನಲ್ಲಿ ಜೋಳ ತುಂಬುತ್ತಿದ್ದ ಹಗೇವಿನ ಒಡಹುಟ್ಟು ಇದು: ಕಿರಿದಾದ ಬಾಯಿ, ಅಗಲವಾದ ಒಡಲು, ಆಳವಾದ ಒಣಮಣ್ಣು. ಬಾಯಿ ಮುಚ್ಚಿದ ಪೇವಿನಲ್ಲಿ ಪ್ರಾಣವಾಯು ಕಡಿಮೆಯಾಗುವುದರಿಂದ ಹುಳುಗಳು ಬದುಕಲಾರವು. ಅದೇ ಕಾರಣದಿಂದ ಪೇವನ್ನು ತೆರೆದೊಡನೆ ಒಳಗಿಳಿಯುವುದು ಮನುಷ್ಯನಿಗೂ ಅಪಾಯ. ಹೊರಗಾಳಿ ತುಂಬುವವರೆಗೆ ಕಾಯಲೇಬೇಕು.

ನೆಲದೊಳಗೆ ಬಿಸಿ ಹೇಗಿಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ ಗಣಿತದಿಂದ ತೋರಿಸಿಕೊಟ್ಟನು. ಉಷ್ಣವಹನವನ್ನು ಕುರಿತ ಆತನ ಮಹಾಗ್ರಂಥ ಪ್ರಕಟವಾದುದು ೧೮೨೨ರಲ್ಲಿ. ಆ ಲೆಕ್ಕದಂತೆ ಹಗಲು ರಾತ್ರಿಗಳ ಬಿಸಿತಂಪಿನ ಏರಿಳಿತ ಒಂದು ಮೊಳ ಆಳಕ್ಕೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಅಳಿದೇಹೋಗುತ್ತದೆ. ವರ್ಷದ ಏರಿಳಿತ ಇನ್ನೂ ಕೆಳಗೆ ಇಳಿಯುತ್ತದೆ; ಆದರೂ ಹದಿನೈದು ಅಡಿಯಲ್ಲಿ ಅದರ ಹತ್ತರಲ್ಲೊಂದು ಪಾಲು ಮಾತ್ರ ಉಳಿದು, ಅದೂ ನಾಲ್ಕೈದು ತಿಂಗಳು ತಡವಾಗಿ ತಲುಪುತ್ತದೆ. ಎಂದರೆ ವೈಶಾಖದ ಬಿಸಿ ಪೇವಿನ ತಳವನ್ನು ಮುಟ್ಟುವಾಗ ಮೇಲೆ ನವರಾತ್ರಿ ನಡೆದಿರುತ್ತದೆ! ಫೂರಿಯೇ ಹುಟ್ಟಿದ ಊರನ್ನು ಕೇಳದವರೂ ಆತನ ಲೆಕ್ಕವನ್ನು ಗುದ್ದಲಿಯಿಂದ ಬರೆದಿದ್ದರು.

೨೦೦೫ರ ಕೃಷ್ಣೆಯ ಮಹಾಪೂರದಲ್ಲಿ ಹರಿಪುರದ ಪೇವುಗಳಿಗೆ ನೀರು ನುಗ್ಗಿತು. ಬಳಿಕ ಅವುಗಳ ಬಳಕೆ ಬಹುಮಟ್ಟಿಗೆ ತಗ್ಗಿ ಅರಿಸಿನವು ಗೋದಾಮು, ಶೀತಗೃಹಗಳ ಪಾಲಾಯಿತು. ೨೦೧೮ರಲ್ಲಿ ಸಾಂಗಲಿಯ ಅರಿಸಿನಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಮಣ್ಣು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ವಿದ್ಯುತ್ತು ಹಣಕ್ಕೆ ಮಾಡುತ್ತಿದೆ.

ಕಡಾಯಿಯ ಸುಳಿ, ಚಪ್ಪರದ ಗಾಳಿ

ನೀರು ವಹನದಲ್ಲಿ ಚುರುಕಲ್ಲ. ಆದರೂ ಒಲೆಯ ಮೇಲಿನ ಎಸರು ಬೇಗ ಕಾಯುವುದೇಕೆ? ತಳದ ನೀರು ಕಾಯ್ದು ಹಿಗ್ಗಿ ಹಗುರವಾಗಿ ಮೇಲೇರುತ್ತದೆ. ಮೇಲಿನ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಇಲ್ಲಿ ನೂಕು ಸಾಗುವುದಲ್ಲ, ಜನರೇ ಬಿಸಿಯನ್ನು ಹೊತ್ತು ನಡೆದಂತೆ. ಇದೇ ಸಂವಹನ.

ಇದನ್ನು ಕಾಣಬೇಕಾದರೆ ಬೆಲ್ಲದ ಗಾಣಕ್ಕೆ ಹೋಗಬೇಕು. ಕಡಾಯಿಗೆ ಸುರಿದ ಕಬ್ಬಿನ ಹಾಲು ನೀರಿನಂತೆ ತೆಳುವಾಗಿರುವತನಕ ತಾನೇ ಸುಳಿಸುಳಿಯಾಗಿ ತಿರುಗಿ ಬಿಸಿಯನ್ನು ಹಂಚಿಕೊಳ್ಳುತ್ತದೆ. ನೀರು ಆವಿಯಾಗಿ ಪಾಕ ಗಟ್ಟಿಯಾದಂತೆ ಈ ಸುಳಿ ಸೋಲುತ್ತದೆ. ತಳದ ಪಾಕ ಮೇಲೇರಲಾರದೆ ಅಲ್ಲಿಯೇ ನಿಂತು ಕರಕಲಾಗತೊಡಗುತ್ತದೆ. ಪಾಕ ೧೧೫ ಡಿಗ್ರಿಯನ್ನು ದಾಟುವ ಆ ಕೊನೆಯ ಗಳಿಗೆಯಲ್ಲಿ ಗಾಣದವರು ಕೈಬಿಡದೆ ತಿರುವುತ್ತಾರೆ. ಸಂವಹನ ನಿಂತ ಕಡೆ ಮನುಷ್ಯನ ತೋಳು ಅದರ ಕೆಲಸವನ್ನು ವಹಿಸಿಕೊಳ್ಳುತ್ತದೆ. ಪಾಯಸ ತಳ ಹಿಡಿಯದಂತೆ ಸೌಟಾಡಿಸುವ ಗೃಹಿಣಿ ಮಾಡುವುದೂ ಇದನ್ನೇ.

ತಾಸಗಾಂವದ ಸುತ್ತಿನ ಒಣದ್ರಾಕ್ಷಿಯ ಚಪ್ಪರಗಳಲ್ಲಿ ಕೆಲಸ ಮಾಡುವುದು ಗಾಳಿಯ ಸಂವಹನ. ಅಲ್ಲಿಯವರು ಬೇದಾಣೆ ಎನ್ನುವ ಒಣದ್ರಾಕ್ಷಿ ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ ಒಣಗುತ್ತದೆ. ಮೇಲೆ ಮುಚ್ಚಿಗೆ, ಬದಿಗಳು ಬಯಲು, ನಡುವೆ ಅಂತಸ್ತು ಅಂತಸ್ತಾಗಿ ಬಲೆಗಳು. ಒಣಬಿಸಿಗಾಳಿ ಒಳಹೊಕ್ಕು ಹಣ್ಣಿಗೆ ಬಿಸಿಯನ್ನು ಕೊಟ್ಟು ತೇವವನ್ನು ಹೊತ್ತು ಹೊರಡುತ್ತದೆ. ಸುಮಾರು ಎರಡು ವಾರಗಳಲ್ಲಿ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಬೇದಾಣೆಯಾಗುತ್ತದೆ. ನೇರ ಬಿಸಿಲು ಬಿದ್ದರೆ ಅದರ ಹಸಿರುಹಳದಿ ಬಣ್ಣ ಕಂದಿ ಬೆಲೆ ಇಳಿಯುತ್ತದೆ. ಎರಡನೆಯ ಹಾದಿಯನ್ನು ತೆರೆದಿಟ್ಟು ಮೂರನೆಯದನ್ನು ಮುಚ್ಚುವ ಜಾಣ್ಮೆ ಇದು.

ಬಯಲನ್ನು ದಾಟುವ ಬಿಸಿ

ಆ ಮೂರನೆಯ ಹಾದಿ ಎಲ್ಲಕ್ಕಿಂತ ವಿಸ್ಮಯಕರವಾದುದು. ಸೂರ್ಯನಿಗೂ ನಮಗೂ ನಡುವೆ ೧೫ ಕೋಟಿ ಕಿಲೋಮೀಟರ ಬರಿ ಬಯಲು. ನೂಕಲು ಕಣಗಳಿಲ್ಲ, ಹೊತ್ತು ತರಲು ಗಾಳಿಯಿಲ್ಲ. ಆದರೂ ಎಂಟು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ಬಿಸಿ ನಮ್ಮ ಅಂಗಳಕ್ಕೆ ಬಂದಿಳಿಯುತ್ತದೆ. ೧೮೦೦ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವನ್ನಿಟ್ಟನು. ಪಾದರಸ ಏರಿತು! ಕಾಣುವ ಬೆಳಕಿನಂತೆಯೇ ಕಾಣದ ಕಿರಣಗಳೂ ಬಿಸಿಯನ್ನು ತರುತ್ತವೆ ಎಂಬುದು ಹೀಗೆ ತಿಳಿದುಬಂತು.

ಸೂರ್ಯನೊಬ್ಬನೇ ಅಲ್ಲ, ಗೋಡೆ, ಕಲ್ಲು, ನಮ್ಮ ಮೈ ಎಲ್ಲವೂ ಇಂಥ ಕಿರಣಗಳನ್ನು ಸೂಸುತ್ತಿರುತ್ತವೆ. ವಸ್ತು ಬಿಸಿಯಾದಷ್ಟೂ ಈ ಸೂಸುವಿಕೆ ಬಲು ಬೇಗ ಏರುತ್ತದೆ. ಅದರ ನಿಯಮವನ್ನು ೧೮೭೯ರಲ್ಲಿ ಆಸ್ಟ್ರಿಯಾದ ಸ್ಟೆಫಾನ್ ಕಂಡುಹಿಡಿದನು. ಬೇಸಗೆಯ ರಾತ್ರಿ ಅಂಗಳದಲ್ಲಿ ಹೊರಸು ಹಾಕಿ ಮಲಗಿದಾಗ ಹಿತವೆನಿಸುವುದು ಗಾಳಿಯಿಂದ ಮಾತ್ರವಲ್ಲ. ನಮ್ಮ ಮೈಯ ಬಿಸಿ ತಿಳಿಯಾದ ಆಕಾಶದ ಕಡೆಗೆ ಹೊರಟುಹೋಗುತ್ತಿರುತ್ತದೆ.

ಮೂರು ಹಾದಿಗಳನ್ನೂ ಒಂದೇ ಪಾತ್ರೆಯಲ್ಲಿ ಮುಚ್ಚಿದವನು ಜೇಮ್ಸ್ ಡ್ಯೂಆರ್. ೧೮೯೨ರಲ್ಲಿ ಆತ ರಚಿಸಿದ ಜೋಡಿಗೋಡೆಯ ಸೀಸೆಯಲ್ಲಿ ನಡುವೆ ನಿರ್ವಾತವಿರುವುದರಿಂದ ವಹನ, ಸಂವಹನಗಳಿಗೆ ಎಡೆಯಿಲ್ಲ. ಬೆಳ್ಳಿಯ ಲೇಪದಿಂದ ವಿಕಿರಣ ಮರಳಿ ಹೋಗುತ್ತದೆ. ನಾವು ರೈಲಿನಲ್ಲಿ ಚಹಾ ಒಯ್ಯುವ ಥರ್ಮಾಸು ಇದೇ.

ತಗಡಿನ ಕೆಳಗಿನ ಬದುಕು

ಈಗ ನಮ್ಮ ಮನೆಗೆ ಬರೋಣ. ಜತ್ತ, ಅಥಣಿ, ವಿಜಾಪುರಗಳ ಕಡೆಯ ಹಳೆಯ ಮಣ್ಣಿನ ಮಾಳಿಗೆ ಒಂದು ರೀತಿಯಲ್ಲಿ ನೆಲದ ಮೇಲಿನ ಪೇವು. ಅಡಿ ದಪ್ಪದ ಮಣ್ಣನ್ನು ದಾಟಲು ಮಧ್ಯಾಹ್ನದ ಬಿಸಿಗೆ ಎಂಟು ಹತ್ತು ತಾಸು ಬೇಕು. ಅದು ಒಳಗಿಳಿಯುವಾಗ ಮನೆಯವರು ಹೊರಗೆ ಅಂಗಳದಲ್ಲಿ ಮಲಗಿರುತ್ತಾರೆ. ಬೆಳಕಿಂಡಿ ಬೆಳಕನ್ನು ತರುವುದರ ಜೊತೆಗೆ ಮೇಲೇರಿದ ಬಿಸಿಗಾಳಿಯನ್ನು ಹೊರಗೆ ಕಳಿಸುತ್ತದೆ.

ಮಾಳಿಗೆ ಮಳೆಗೆ ಸೋರುತ್ತದೆ, ವರ್ಷವರ್ಷ ಮಣ್ಣು ಹಾಕಬೇಕು ಎಂದು ಅದನ್ನು ಬಿಟ್ಟು ತಗಡು ಹಾಕಿದವರನ್ನು ನಾವು ದೂರಲಾರೆವು. ಆದರೆ ಅರ್ಧ ಮಿಲಿಮೀಟರ ತಗಡು ಬಿಸಿಯನ್ನು ತಡೆಯುವುದು ಹೇಗೆ? ಅದು ಕ್ಷಣದಲ್ಲಿ ಕಾಯ್ದು, ಕೆಳಗೆ ಕುಳಿತವರ ನೆತ್ತಿಯ ಮೇಲೆ ದಿನವಿಡೀ ವಿಕಿರಣವನ್ನು ಸುರಿಸುತ್ತದೆ. ನಮ್ಮ ಚರ್ಮದ ಉಷ್ಣಮಾನ ಸುಮಾರು ೩೫ ಡಿಗ್ರಿ. ಸುತ್ತಲಿನ ಗಾಳಿ, ಗೋಡೆ, ಮಾಡು ಅದಕ್ಕಿಂತ ಬಿಸಿಯಾದರೆ ಮೂರು ಹಾದಿಗಳೂ ಮೈಯ ಕಡೆಗೇ ತಿರುಗುತ್ತವೆ. ಆಗ ಉಳಿಯುವ ಆಸರೆ ಬೆವರೊಂದೇ. ಮುದುಕರಲ್ಲಿ ಬೆವರು ಕಡಿಮೆ. ಕೂಸು ಬಾಯಾರಿಕೆಯನ್ನು ಹೇಳಲಾರದು. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲಿನ ಹೊಡೆತದ ದಿನಗಳು ಬಂದಾಗ ಆ ತಿಂಗಳ ವಾಡಿಕೆಗಿಂತ ೧,೩೦೦ಕ್ಕೂ ಹೆಚ್ಚು ಸಾವುಗಳಾದವು. ಅದರ ತರುವಾಯ ೨೦೧೩ರಲ್ಲಿ ಆ ನಗರ ಬಿಸಿಲಿನ ವಿರುದ್ಧ ಯೋಜನೆ ಹಾಕಿಕೊಂಡಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಯುವ ಕೆಲಸವೂ ಅದರೊಡನೆ ಸೇರಿತು.

ನಾವು ಮಾಡಬಹುದಾದದ್ದು ಹೆಚ್ಚಿನ ಖರ್ಚಿನದಲ್ಲ. ಮಾಡಿಗೆ ಬೇಸಗೆಯ ಮೊದಲೇ ಸುಣ್ಣ ಬಳಿಯಬೇಕು. ಬಿಳಿಯ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸಿ ಒಳಗಿನ ಬಿಸಿಯನ್ನು ಎರಡರಿಂದ ಐದು ಡಿಗ್ರಿಯವರೆಗೆ ಇಳಿಸಬಲ್ಲದು. ತಗಡಿನ ಕೆಳಗೆ ಚಾಪೆಯ ಇಲ್ಲವೆ ಬಿದಿರುತಟ್ಟಿಯ ಒಳಮಾಡು ಕಟ್ಟಿ, ನಡುವಿನ ಬಿಸಿಗಾಳಿ ಹೊರಹೋಗಲು ಎರಡು ಬದಿಗೆ ಕಿಂಡಿ ಬಿಡಬೇಕು. ಕಿಟಕಿಯ ಪರದೆಯನ್ನು ಒಳಗಲ್ಲ, ಹೊರಗೆ ಕಟ್ಟಬೇಕು. ಒಳಗೆ ಬಂದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಹಗಲು ಮುಚ್ಚಿ, ರಾತ್ರಿ ತೆರೆಯಬೇಕು. ಗಾಳಿ ಮೈಗಿಂತ ಬಿಸಿಯಾದಾಗ ಪಂಖವು ಒಣ ಮೈಗೆ ಬಿಸಿಯನ್ನೇ ಬೀಸುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರಸಿ ಅದರ ಮುಂದೆ ಕುಳಿತರೆ ಮಾತ್ರ ಫಲ. ಮೈ ಕೆಂಡದಂತಾಗಿ, ಮಾತು ತೊದಲಿ, ಎಚ್ಚರ ತಪ್ಪುವ ಲಕ್ಷಣ ಕಂಡರೆ ಅದು ಬರಿ ಆಯಾಸವಲ್ಲ. ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಧಾವಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲಾಗದು.

ಬಿಸಿಲನ್ನು ನಿಲ್ಲಿಸುವುದು ನಮ್ಮಿಂದಾಗದು. ಅದು ನಡೆಯುವ ಹಾದಿಗಳಲ್ಲಿ ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅರಿಸಿನಕ್ಕೂ ದ್ರಾಕ್ಷಿಗೂ ಇಷ್ಟು ಯೋಚಿಸಿದ ಸೀಮೆಯವರು ನಾವು. ಮನೆಯ ಅಜ್ಜ ಅಜ್ಜಿಯರಿಗಾಗಿ, ತೊಟ್ಟಿಲ ಕೂಸಿಗಾಗಿ ಈ ವರ್ಷ ಯುಗಾದಿಯ ಸುಣ್ಣವನ್ನು ಗೋಡೆಗೆ ಬಳಿಯುವಾಗ ಒಂದಿಷ್ಟನ್ನು ಮಾಡಿಗೂ ಉಳಿಸೋಣ.