ನಿಮ್ಮ ಸಂಪಿನ ಗೋಡೆ ಗಟ್ಟಿಯಾಗಿದೆಯೇ?

“ಕುಡಿಯೋ ನೀರು ಕುದಿಸಿಯೇ ಕುಡೀತೀವಿ ಡಾಕ್ಟ್ರೇ, ಆದರೂ ನಮ್ಮ ಮನೆಗೆ ಕಾಮಾಲೆ ಹೇಗೆ ಬಂತು?”

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಹಿರಿಯರು ಕೇಳಿದ ಪ್ರಶ್ನೆ ಇದು. ಅವರ ಮನೆಯಲ್ಲಿ ಮೊದಲು ಮೊಮ್ಮಗನಿಗೆ ವಾಂತಿಭೇದಿಯಾಯಿತು. ಅದು ನಿಂತು ತಿಂಗಳಾಗುವಷ್ಟರಲ್ಲಿ ಮಗನ ಕಣ್ಣು ಹಳದಿಯಾಯಿತು. ಆತ ಹಾಸಿಗೆ ಬಿಟ್ಟೇಳುವ ಮೊದಲೇ, ಹೆರಿಗೆಗೆಂದು ತವರಿಗೆ ಬಂದಿದ್ದ ಏಳು ತಿಂಗಳ ಗರ್ಭಿಣಿ ಮಗಳಿಗೂ ಕಾಮಾಲೆ ತಗುಲಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಹೌದು, ಅವರು ಕುಡಿಯುವ ನೀರನ್ನು ಕುದಿಸುತ್ತಿದ್ದರು. ಆದರೆ ಬಾಯಿ ಮುಕ್ಕಳಿಸಲು, ಕೊತ್ತಂಬರಿ ಸೊಪ್ಪು ತೊಳೆಯಲು, ತಟ್ಟೆ ಲೋಟ ಜಾಲಾಡಲು ಬಳಸುತ್ತಿದ್ದುದು ನೇರ ನಲ್ಲಿಯ ನೀರನ್ನೇ. ಹೆಪಟೈಟಿಸ್ ‘ಎ’ ಮತ್ತು ‘ಇ’ ರೋಗಾಣುಗಳಿಗೆ ಅಷ್ಟು ದಾರಿ ಸಾಕು. ‘ಎ’ ಸಾಮಾನ್ಯವಾಗಿ ಕಾಡಿ ಬಿಟ್ಟುಹೋಗುತ್ತದೆ. ‘ಇ’ ಹಾಗಲ್ಲ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಅದು ಪ್ರಾಣಕ್ಕೇ ಎರವಾಗಬಲ್ಲದು. ದೆಹಲಿಯಲ್ಲಿ 1955-56ರಲ್ಲಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆ ಬಂದದ್ದು ಯಮುನೆಯಿಂದ ನೀರೆತ್ತುವ ಜಾಗಕ್ಕೆ ಕೊಳಚೆ ಸೇರಿದ್ದರಿಂದ. ಅದು ‘ಇ’ಯ ಕೆಲಸ ಎಂದು ತಿಳಿದದ್ದು ದಶಕಗಳ ನಂತರ.

ಕಾವೇರಿ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಕ್ಲೋರಿನ್ ಬೆರೆಸಿ, ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಪಂಪು ಮಾಡುತ್ತಾರೆ. ಅಷ್ಟು ಖರ್ಚು ಮಾಡಿ ತಂದ ನೀರು ಕೆಡುವುದು ಎಷ್ಟೋ ಮನೆಗಳಲ್ಲಿ ಗೇಟಿನ ಪಕ್ಕದ ಆರಡಿ ಗುಂಡಿಯಲ್ಲಿ! ನಾವು ಸಂಪು ತೋಡುವುದು ಅಲ್ಲೇ, ಒಳಚರಂಡಿಯ ಚೇಂಬರ್ ಕಟ್ಟುವುದೂ ಅಲ್ಲೇ. ಸಂಪಿನ ಪ್ಲಾಸ್ಟರ್ ಬಿರುಕು ಬಿಟ್ಟರೆ, ತುಂಬಿದಾಗ ನೀರು ಹೊರಕ್ಕೆ ಒಸರುತ್ತದೆ. ಎರಡು ದಿನ ನೀರು ಬಾರದೆ ಸಂಪು ತಳಕಂಡಾಗ ಹೊರಗಿನ ತೇವ ಅದೇ ಬಿರುಕಿನಿಂದ ಒಳಕ್ಕೆ ಇಳಿಯುತ್ತದೆ. ಪಕ್ಕದ ಚೇಂಬರೂ ಸೋರುತ್ತಿದ್ದರೆ ಇಳಿಯುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ಸುಲಭ. ರಾತ್ರಿ ಸಂಪು ತುಂಬಿಸಿ, ನೀರು ಬರುವ ವಾಲ್ವ್ ಮುಚ್ಚಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿ. ಮುಚ್ಚಳ ಹಾಕಿದ ಸಂಪಿನಲ್ಲಿ ಒಂದೇ ರಾತ್ರಿಗೆ ಒಂದಂಗುಲ ಆವಿಯಾಗುವುದಿಲ್ಲ. ಅಷ್ಟು ಇಳಿದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಆ ಹಿರಿಯರ ಸಂಪಿನಲ್ಲಿ ನಾಲ್ಕಂಗುಲ ಇಳಿದಿತ್ತು. ಜೊತೆಗೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಕೂಡ ಇರಕೂಡದು.

ಸೋರುತ್ತಿದೆ ಎಂದಾದರೆ ಏನು ಮಾಡಬೇಕು? ಮೇಸ್ತ್ರಿಯನ್ನು ಕರೆದರೆ ಮೇಲೊಂದು ಸಿಮೆಂಟ್ ಗಿಲಾವು ಮಾಡಿ ಹೋಗುತ್ತಾನೆ. ಗೋಡೆಯೇ ಕುಸಿಯುತ್ತಿದ್ದರೆ ಅದು ಮರುವರ್ಷ ಮತ್ತೆ ಸೀಳುತ್ತದೆ. ಸಣ್ಣ ಬಿರುಕಿಗೆ ಜಲನಿರೋಧಕ ಲೇಪನ ಸಾಕು. ಹಲವು ಕಡೆ ಬಿಟ್ಟುಕೊಂಡ ಹಳೆಯ ಸಂಪಿಗೆ ಒಳಗಿನಿಂದ ಲೈನರ್ ಕೂರಿಸುವುದು ವಾಸಿ.

ಲೈನರ್ ಎಂದರೆ ಸಂಪಿನ ಅಳತೆಗೆ ಮಾಡಿಸಿದ ದೊಡ್ಡ ಚೀಲವೆಂದೇ ತಿಳಿಯಿರಿ. ಪಿವಿಸಿ ಅಥವಾ ಪಾಲಿಎಥಿಲೀನ್ ಹಾಳೆಗಳ ಅಂಚನ್ನು ಬಿಸಿಗಾಳಿಯಿಂದ ಬೆಸೆದು ಇದನ್ನು ಮಾಡುತ್ತಾರೆ. ಮೊದಲು ಗೋಡೆಯ ಪಾಚಿ, ಲೋಳೆ ಕೆರೆದು ತೆಗೆಯಬೇಕು. ಚಾಚಿಕೊಂಡ ಜಲ್ಲಿ, ಕಂಬಿಯ ತುದಿಗಳನ್ನು ಉಜ್ಜಿ ಸಮಮಾಡಬೇಕು. ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಕಂಬಳಿಯಂಥ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಚೀಲ ಇಳಿಬಿಡಬೇಕು. ನೀರಿನ ಮಟ್ಟಕ್ಕಿಂತ ಮೇಲೆ ಅಂಚನ್ನು ಲೋಹದ ಪಟ್ಟಿ, ಬೋಲ್ಟುಗಳಿಂದ ಬಿಗಿಯುತ್ತಾರೆ. ಪೈಪು ಹಾಯುವ ಕಡೆ ರಬ್ಬರ್ ವಾಷರಿನ ಬಳೆ ಹಾಕುತ್ತಾರೆ. ಮುಂದೆ ಸೋರುವುದಿದ್ದರೆ ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಆ ಕೆಲಸ ನಡೆಯುವಾಗ ನೀವು ಎದುರಿಗಿರಿ. ಚೀಲದಲ್ಲಿ ಸುಕ್ಕು ಉಳಿಯದಂತೆಯೂ ನೋಡಿಕೊಳ್ಳಿ. ಸುಕ್ಕಿನಲ್ಲೇ ಗಸಿ ಸೇರಿಕೊಳ್ಳುವುದು.

ಆದರೆ ಚೀಲಕ್ಕೆ ಒಂದು ದೌರ್ಬಲ್ಯವಿದೆ. ಸಂಪು ಬರಿದಾದಾಗ ಹೊರಗಿನ ನೀರು ಗೋಡೆ ತೂರಿ ಬಂದು ಅದನ್ನು ಒಳಕ್ಕೆ ಉಬ್ಬಿಸುತ್ತದೆ. ಬೆಸುಗೆ ಬಿಟ್ಟಿತೆಂದರೆ ಮತ್ತೆ ಅದೇ ಕಥೆ. ಹಾಗಾಗಿ ಮೊದಲು ಚೇಂಬರ್ ಮತ್ತು ಚರಂಡಿ ಪೈಪನ್ನು ರಿಪೇರಿ ಮಾಡಿಸಬೇಕು, ಆಮೇಲೆ ಲೈನರ್. ಇಲ್ಲದಿದ್ದರೆ ಕೀವು ತೆಗೆಯದೆ ಗಾಯಕ್ಕೆ ಪಟ್ಟಿ ಕಟ್ಟಿದಂತೆ.

ಅಗ್ಗವೆಂದು ಕೃಷಿಹೊಂಡಕ್ಕೆ ಹಾಸುವ ಹಾಳೆಯನ್ನು ಸಂಪಿಗೆ ಹಾಕಿಸಬೇಡಿ. ಈಜುಕೊಳದ ಲೈನರೂ ಬೇಡ. ಅದರಲ್ಲಿ ಪಾಚಿ, ಬೂಷ್ಟು ತಡೆಯುವ ರಾಸಾಯನಿಕ ಬೆರೆತಿರಬಹುದು. ಡಾಂಬರು, ಸೀಸವುಳ್ಳ ಬಣ್ಣ ಬಳಿಸುವ ಹಳೆಯ ರೂಢಿಯನ್ನಂತೂ ಪೂರ್ತಿ ಬಿಡಿ. ಕುಡಿಯುವ ನೀರಿಗೆ ತಕ್ಕದ್ದು ಎಂಬ ಪ್ರಮಾಣಪತ್ರವನ್ನು ಮಾರುವವರಿಂದ ಕೇಳಿ ಪಡೆಯಿರಿ. ಸಂಕೋಚ ಬೇಡ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಮುಚ್ಚಿದ ಸಂಪಿನೊಳಗೆ ಆಮ್ಲಜನಕ ಕಡಿಮೆಯಿರಬಹುದು. ಲೇಪನ, ಅಂಟುಗಳ ಆವಿ ಸೇರಿದರೆ ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಟ್ಟು, ಬ್ಲೋಯರಿನಿಂದ ಗಾಳಿ ಹಾಯಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಕಾಯುತ್ತಿರಬೇಕು. ಹಿಂದೆ ಬಾವಿಗೆ ದೀಪ ಇಳಿಸಿ ನೋಡುತ್ತಿದ್ದರು. ಅಂಟಿನ ಆವಿಯಿರುವ ಕಡೆ ಅದನ್ನು ಮಾಡಿದರೆ ಬೆಂಕಿ ಹತ್ತೀತು. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. ಹಗ್ಗದಿಂದ ಮೇಲೆಳೆಯಿರಿ, 112ಕ್ಕೆ ಫೋನ್ ಮಾಡಿ.

ಕೆಲಸ ಮುಗಿದ ಮೇಲೆ ಅಂಟು ಪೂರ್ತಿ ಒಣಗುವವರೆಗೆ, ತಯಾರಕರು ಹೇಳಿದಷ್ಟು ದಿನ, ಕಾಯಿರಿ. ಬಳಿಕ ಸಾವಿರ ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. ಆಸಿಡ್, ಟಾಯ್ಲೆಟ್ ಕ್ಲೀನರ್ ಹತ್ತಿರ ಸುಳಿಯಕೂಡದು, ವಿಷಗಾಳಿ ಏಳುತ್ತದೆ. ಒಂದು ದಿನ ಬಿಟ್ಟು ಆ ನೀರನ್ನೆಲ್ಲ ಚೆಲ್ಲಿ, ಸಂಪು ತೊಳೆದು, ಹೊಸ ನೀರು ತುಂಬಿಸಿ. ಮಹಡಿಯ ಟ್ಯಾಂಕನ್ನೂ ಇದರ ಜೊತೆಗೇ ತೊಳೆಸಿ. ಮುಚ್ಚಳ ಬಿಗಿಯಾಗಿರಲಿ, ಓವರ್‌ಫ್ಲೋ ಪೈಪಿಗೆ ಸಣ್ಣ ಜಾಲರಿ ಕಟ್ಟಿ. ಡೆಂಗೆ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು.

ಇಷ್ಟೆಲ್ಲ ಆಗುವವರೆಗೆ ಬಾಯಿಗೆ ಹೋಗುವ ನೀರೆಲ್ಲ, ಮುಕ್ಕಳಿಸುವ ನೀರೂ ಸೇರಿ, ಕುದಿಸಿದ್ದೇ ಆಗಿರಲಿ. ಮನೆಯಲ್ಲಿ ಗರ್ಭಿಣಿಯಿದ್ದರೆ, ಅನುಕೂಲವಿದ್ದಲ್ಲಿ, ಅವಳನ್ನು ಬೇರೆ ಕಡೆ ಇರಿಸಿ. ಊಟ ಸೇರದೆ, ಓಕರಿಕೆ ಬಂದು, ಮೂತ್ರ ಗಾಢ ಹಳದಿಯಾದರೆ ಸೊಪ್ಪಿನ ಔಷಧಿಗೆಂದು ಊರೂರು ಅಲೆಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.