ಹಳೇ ಜಿಪ್ಸಿಗೆ ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸಿದರೆ ಎಲ್ಲಿ ಬೇಕಾದರೂ ಹೋಗಬಹುದೇ? ವಾಸ್ತವ ಇಲ್ಲಿದೆ

"ಸೆಕೆಂಡ್ ಹ್ಯಾಂಡ್ ಜಿಪ್ಸಿ ತಗೊಳ್ಳಿ, ಮೂರಿಂಚು ಲಿಫ್ಟ್ ಮಾಡಿಸಿ, ದೊಡ್ಡ ಟೈರ್ ಹಾಕಿಸಿ, ಸ್ನಾರ್ಕೆಲ್ ಕೂರಿಸಿ, ಮುಂದೊಂದು ಬುಲ್ ಬಾರ್ ಬಿಗಿಸಿ. ಆಮೇಲೆ ಯಾವ ಗುಡ್ಡವೂ, ಯಾವ ಹೊಳೆಯೂ ನಿಮ್ಮನ್ನು ತಡೆಯಲ್ಲ." ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ಓಡಾಡುತ್ತಲೇ ಇರುತ್ತವೆ. ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರು ಕಡೆಯ ಕೆಸರು ದಾರಿಗಳಲ್ಲಿ ಗಾಡಿ ಓಡಿಸುವ ಆಸೆ ಇರುವವರಿಗೆ ಇದು ಹಿಡಿಸುವುದು ಸಹಜ. ಆದರೆ ಇದರಲ್ಲಿ ನಿಜ ಎಷ್ಟು?

ಚುಟುಕಾಗಿ ಹೇಳುವುದಾದರೆ: ಹಳೇ ಗಾಡಿಗೆ ಹಾಕುವ ಮೊದಲ ಹಣ ಹೊಸ ಸಾಮಾನಿಗೆ ಹೋಗಬಾರದು. ಗಾಡಿಯಲ್ಲಿ ಈಗಾಗಲೇ ಇರುವ ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್‌ ಸರಿ ಮಾಡಲು ಹೋಗಬೇಕು. ಆಮೇಲೆ ಒಳ್ಳೆಯ ಟೈರ್. ಲಿಫ್ಟ್ ಕಿಟ್ ಪಟ್ಟಿಯ ಕೊನೆಯಲ್ಲಿದ್ದರೆ ಸಾಕು; ಹೆಚ್ಚಿನವರಿಗೆ ಅದು ಬೇಕಾಗುವುದೂ ಇಲ್ಲ.

ಜಿಪ್ಸಿಯೇ ಯಾಕೆ?

ಮಾರುತಿ ಜಿಪ್ಸಿ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 1985ರಲ್ಲಿ. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. ಗಾಡಿಯ ತೂಕ ಸುಮಾರು ಒಂದು ಟನ್ ಮಾತ್ರ. ಏಣಿಯಂಥ ಗಟ್ಟಿ ಚಾಸಿ, ಮುಂದೆ ಹಿಂದೆ ಎರಡೂ ಕಡೆ ಇಡಿಯಾದ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ರಚನೆ ಸರಳ, ರಿಪೇರಿ ಸುಲಭ. ಹಾಗಾಗಿ ಸೇನೆಯಲ್ಲಿ, ರ‍್ಯಾಲಿಗಳಲ್ಲಿ, ಕಾಫಿ ತೋಟಗಳಲ್ಲಿ ಇದು ದಶಕಗಳ ಕಾಲ ದುಡಿಯಿತು. ಏರ್‌ಬ್ಯಾಗ್ ಆಗಲಿ, ಎಬಿಎಸ್ ಆಗಲಿ ಇದರಲ್ಲಿಲ್ಲ. ಚಾಲಕನನ್ನು ಕಾಪಾಡುವ ವ್ಯವಸ್ಥೆಯೇ ಕಡಿಮೆ ಇರುವ ಗಾಡಿಯಲ್ಲಿ ಬದಲಾವಣೆ ಮಾಡುವಾಗ ಎಚ್ಚರ ಇನ್ನೂ ಹೆಚ್ಚು ಬೇಕು.

ಮಾತು 1: "ಲಿಫ್ಟ್ ಮಾಡಿಸಿದರೆ ಗಾಡಿ ನೆಲಕ್ಕೆ ತಾಗುವುದಿಲ್ಲ"

ಅರ್ಧ ನಿಜ. ಲಿಫ್ಟ್ ಕಿಟ್ ಎತ್ತರಿಸುವುದು ಚಾಸಿ ಮತ್ತು ಬಾಡಿಯನ್ನು. ಆದ್ದರಿಂದ ಏರು ಹತ್ತುವಾಗ ಮೂತಿ, ಇಳಿದ ಮೇಲೆ ಹಿಂಬದಿ ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ. ಆದರೆ ಜಿಪ್ಸಿಯಂಥ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಆಕ್ಸಲ್‌ನ ಮೇಲೆ ಗುಂಡಗೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್. ಅದು ಚಕ್ರಗಳ ಜೊತೆಗೇ ಇರುತ್ತದೆ. ಚಾಸಿಯನ್ನು ಮೂರಿಂಚು ಎತ್ತಿದರೂ ಡಿಫರೆನ್ಷಿಯಲ್ ಒಂದು ಕೂದಲಿನಷ್ಟೂ ಮೇಲೆ ಬರುವುದಿಲ್ಲ. ದಾರಿಯ ನಡುವಿನ ಕಲ್ಲು ಮೊದಲು ತಾಗುತ್ತಿದ್ದ ಜಾಗಕ್ಕೇ ಈಗಲೂ ತಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹುಲ್ಲು ಎತ್ತರಕ್ಕೆ ಹೇರಿದ ಎತ್ತಿನ ಗಾಡಿ ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ನೆನಪಿಸಿಕೊಳ್ಳಿ. ಚಕ್ರಗಳ ನಡುವಿನ ಅಗಲ ಅಷ್ಟೇ ಇದ್ದು ಭಾರ ಮೇಲೆ ಹೋದಂತೆ ಮಗುಚುವ ಅಪಾಯ ಹೆಚ್ಚುತ್ತದೆ. ಜಿಪ್ಸಿಯ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.3 ಮೀಟರ್ ಮಾತ್ರ. ಅದರ ಜೊತೆಗೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಯುಜೆ ಕ್ರಾಸ್ ಬೇಗ ಸವೆಯುತ್ತದೆ. ಬ್ರೇಕ್ ಹೋಸ್ ಉದ್ದ ಸಾಲದೆ ಬಿಗಿಯಬಹುದು. ಸ್ಟೀರಿಂಗ್ ರಾಡ್‌ನ ಕೋನ ಕೆಟ್ಟು, ಗುಂಡಿಗೆ ಇಳಿದಾಗ ಗಾಡಿ ತಾನೇ ಪಕ್ಕಕ್ಕೆ ಎಳೆಯಬಹುದು.

ಮಾತು 2: "ಟೈರ್ ದೊಡ್ಡದಾದಷ್ಟೂ ಒಳ್ಳೆಯದು"

ಮಿತಿಯೊಳಗೆ ಮಾತ್ರ ನಿಜ. ಡಿಫರೆನ್ಷಿಯಲ್ಲನ್ನು ನಿಜವಾಗಿ ಮೇಲೆತ್ತುವುದು ಟೈರ್ ಒಂದೇ. ಲೆಕ್ಕ ನೋಡೋಣ. ಜಿಪ್ಸಿ ಕಿಂಗ್‌ನ 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ. ಅನೇಕರು ಹಾಕಿಸುವ 235/75 ಆರ್15 ಟೈರಿನ ಎತ್ತರ ಸುಮಾರು 733 ಮಿ.ಮೀ. ವ್ಯತ್ಯಾಸ 65 ಮಿ.ಮೀ. ಅದರಲ್ಲಿ ಅರ್ಧ ಆಕ್ಸಲ್‌ನ ಕೆಳಗೆ, ಇನ್ನರ್ಧ ಮೇಲೆ. ಅಂದರೆ ನಿಮಗೆ ಸಿಗುವ ಲಾಭ ಸುಮಾರು 33 ಮಿ.ಮೀ., ಒಂದೂಕಾಲು ಇಂಚು.

ಅಷ್ಟಕ್ಕೆ ಕಳೆದುಕೊಳ್ಳುವುದೇನು? ಚಕ್ರ ದೊಡ್ಡದಾದ್ದರಿಂದ ನೆಲವನ್ನು ತಳ್ಳುವ ಶಕ್ತಿ ಸುಮಾರು 9% ಕಡಿಮೆಯಾಗುತ್ತದೆ. ಮೊದಲೇ ಸಣ್ಣ ಎಂಜಿನ್. ಏರಿನಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ ಸುಮಾರು 66ರಲ್ಲಿ ಓಡುತ್ತಿರುತ್ತದೆ. ದೊಡ್ಡ, ಭಾರದ ಚಕ್ರವನ್ನು ಹಳೆಯ ಬ್ರೇಕೇ ನಿಲ್ಲಿಸಬೇಕು.

ಗಾತ್ರಕ್ಕಿಂತ ಮುಖ್ಯವಾದದ್ದು ಟೈರಿನ ಬಗೆ ಮತ್ತು ವಯಸ್ಸು. ಕಂಪನಿ ಹೇಳಿದ ಗಾತ್ರದಲ್ಲೇ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿಸಿದರೆ ಕೆಸರಿನಲ್ಲೂ ಟಾರು ರಸ್ತೆಯಲ್ಲೂ ಹಿಡಿತ ಸಿಗುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಗಾಡಿಯ ಟೈರಿನ ಗೆರೆಗಳು ಆಳವಾಗಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನು ನಂಬಬೇಡಿ.

ಮಾತು 3: "4x4 ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ"

ಯಾವಾಗಲೂ ಅಲ್ಲ. 4x4 ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಶಕ್ತಿ ಹೋಗುತ್ತದೆ. ಆದರೆ ಪ್ರತಿ ಆಕ್ಸಲ್‌ನ ಸಾಮಾನ್ಯ ಡಿಫರೆನ್ಷಿಯಲ್ ಸುಲಭವಾಗಿ ತಿರುಗುವ ಚಕ್ರವನ್ನೇ ತಿರುಗಿಸುತ್ತದೆ. ಮುಂದಿನ ಒಂದು ಚಕ್ರ ಮತ್ತು ಹಿಂದೆ ಅದರ ಮೂಲೆಗೆದುರಿನ ಚಕ್ರ ಗಾಳಿಯಲ್ಲಿ ನೇತಾಡಿದರೆ, ಆ ಎರಡೇ ಸುತ್ತುತ್ತವೆ. ನೆಲದ ಮೇಲಿರುವ ಎರಡು ಸುಮ್ಮನಿರುತ್ತವೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಆದ್ದರಿಂದ ಚಕ್ರಗಳನ್ನು ನೆಲಕ್ಕೆ ಅಂಟಿಸಿಡುವುದು ಬಹಳ ಮುಖ್ಯ. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಲೀಫ್ ಸ್ಪ್ರಿಂಗ್ ಬಾಗುವುದಿಲ್ಲ, ಚಕ್ರ ಬೇಗ ನೆಲ ಬಿಡುತ್ತದೆ. ಅದನ್ನು ಬಿಚ್ಚಿ, ತೊಳೆದು, ಹೊಸ ಬುಷ್ ಹಾಕಿಸಿದರೆ ಲಿಫ್ಟ್ ಇಲ್ಲದೆಯೂ ಗಾಡಿಯ ನಡೆ ಬದಲಾಗುತ್ತದೆ. ಇನ್ನೊಂದು ಮಾತು: ಒಣ ಟಾರು ರಸ್ತೆಯಲ್ಲಿ 4x4 ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಜಿಪ್ಸಿಯ ವ್ಯವಸ್ಥೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಗೇರ್, ಶಾಫ್ಟ್‌ಗಳು ಬಿಗಿದುಕೊಂಡು ಹಾಳಾಗುತ್ತವೆ. 4x4ನಿಂದ ಬ್ರೇಕ್ ಬೇಗ ಹಿಡಿಯುತ್ತದೆ ಎಂಬುದೂ ತಪ್ಪು. ನಿಲ್ಲಿಸುವ ಕೆಲಸ ಬ್ರೇಕ್ ಮತ್ತು ಟೈರಿನದ್ದು.

ಮಾತು 4: "ಸ್ನಾರ್ಕೆಲ್ ಇದ್ದರೆ ಹೊಳೆ ದಾಟಬಹುದು"

ಇದು ಪ್ರಾಣಕ್ಕೇ ಕುತ್ತು ತರುವ ನಂಬಿಕೆ. ಸ್ನಾರ್ಕೆಲ್ ಮಾಡುವುದು ಒಂದೇ ಕೆಲಸ: ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಎತ್ತರದಿಂದ ತರುವುದು. ಗಾಳಿಯ ಬದಲು ನೀರು ಎಂಜಿನ್ನಿನೊಳಗೆ ಹೋದರೆ, ಅದನ್ನು ಅದುಮಲು ಆಗದೆ ಒಳಗಿನ ರಾಡ್ ಬಾಗುತ್ತದೆ. ಅದನ್ನು ಸ್ನಾರ್ಕೆಲ್ ತಡೆಯಬಹುದು, ಜೋಡಣೆಯಲ್ಲಿ ಸಂದು ಇಲ್ಲದಿದ್ದರೆ ಮಾತ್ರ. ಆದರೆ ವೈರಿಂಗ್‌ಗೆ, ಚಕ್ರದ ಬೇರಿಂಗ್‌ಗೆ, ಡಿಫರೆನ್ಷಿಯಲ್‌ಗೆ ನೀರು ಹೋಗುವುದನ್ನು ಅದು ತಡೆಯುವುದಿಲ್ಲ.

ಹರಿಯುವ ನೀರಿನ ಸೆಳೆತವನ್ನಂತೂ ಯಾವ ಸಾಮಾನೂ ತಡೆಯದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆ ಹೀಗಿದೆ: ರಭಸದ ನೀರು ಸುಮಾರು 30 ಸೆಂ.ಮೀ. ಆಳವಿದ್ದರೂ ಸಣ್ಣ ಕಾರುಗಳನ್ನು ಎಳೆದೊಯ್ಯಬಹುದು; 60 ಸೆಂ.ಮೀ. ಇದ್ದರೆ ಎಸ್‌ಯುವಿಗಳೂ ಕೊಚ್ಚಿ ಹೋಗಬಹುದು. ಒಂದು ಟನ್ ತೂಕದ ಜಿಪ್ಸಿ ಇದಕ್ಕೆ ಹೊರತಲ್ಲ. ಮಳೆಗಾಲದಲ್ಲಿ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ತಿರುಗಿಸಿ.

ಮಾತು 5: "ಬುಲ್ ಬಾರ್ ರಕ್ಷಣೆ, ಆರ್‌ಟಿಒ ಏನೂ ಕೇಳಲ್ಲ"

ಎರಡೂ ತಪ್ಪು. ಕಬ್ಬಿಣದ ಬುಲ್ ಬಾರ್ ಎದುರಿಗೆ ಸಿಕ್ಕ ಪಾದಚಾರಿಗೆ, ಬೈಕ್ ಸವಾರನಿಗೆ ಆಗುವ ಗಾಯವನ್ನು ಹೆಚ್ಚಿಸುತ್ತದೆ. ಡಿಕ್ಕಿಯ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ. ಏರ್‌ಬ್ಯಾಗ್ ಇರುವ ಹೊಸ ಗಾಡಿಗಳಲ್ಲಿ ಅದು ತೆರೆಯುವ ಸಮಯವನ್ನೂ ಕೆಡಿಸಬಹುದು. ಇವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡಕ್ಕೂ ಅವಕಾಶವಿದೆ. ಅಪಘಾತವಾದರೆ ವಿಮೆಯವರು ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು ತಕರಾರು ತೆಗೆಯಬಹುದು. ಯಾವುದೇ ಬದಲಾವಣೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ಕೇಳಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

1. ಕಾಗದ ಪತ್ರ. ಎಂಜಿನ್ ಮತ್ತು ಚಾಸಿ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣ ಆಗಿದೆಯೇ ಕೇಳಿ. ಹರಾಜಿನಿಂದ ಬಂದ ಗಾಡಿಯಾದರೆ ಹೆಚ್ಚು ಎಚ್ಚರ.

2. ಚಾಸಿ. ಗಾಡಿಯನ್ನು ಎತ್ತಿಸಿ ಕೆಳಗಿನಿಂದ ನೋಡಿ. ಸ್ಪ್ರಿಂಗ್ ಕೂರುವ ಜಾಗದಲ್ಲಿ ತುಕ್ಕು, ವೆಲ್ಡಿಂಗ್ ತೇಪೆ ಇದ್ದರೆ ಬಿಡುವುದೇ ಲೇಸು.

3. ಎಣ್ಣೆಗಳು. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಎಣ್ಣೆ ಬದಲಿಸಿ. ಇಳಿಸಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ.

4. ಬ್ರೇಕ್, ಸ್ಟೀರಿಂಗ್. ಬ್ರೇಕ್ ಆಯಿಲ್, ಹೋಸ್, ಪ್ಯಾಡ್, ಹಿಂದಿನ ಡ್ರಮ್ ನೋಡಿಸಿ. ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಸುಮ್ಮನಾಗಬೇಡಿ; ಮುಂದಿನ ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್ ಪರೀಕ್ಷಿಸಿ.

5. ಟೈರ್ ಮತ್ತು ಗಾಳಿ. ಒಂದು ಪ್ರೆಷರ್ ಗೇಜ್, ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಿ. ಮರಳು, ಕಲ್ಲು, ಸಡಿಲ ಮಣ್ಣಿನಲ್ಲಿ ಗಾಳಿಯನ್ನು ಸುಮಾರು ಕಾಲು ಭಾಗ ಇಳಿಸಿದರೆ ಟೈರ್ ಉದ್ದಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಇದಕ್ಕಿಂತ ಅಗ್ಗದ ಬದಲಾವಣೆ ಇನ್ನೊಂದಿಲ್ಲ. ನಿಧಾನ ಓಡಿಸಿ, ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿ.

6. ಎಳೆಯುವ ಕೊಂಡಿ. ಚಾಸಿಗೆ ಬಿಗಿದ ಗಟ್ಟಿ ಕೊಂಡಿ, ತೂಕ ತಡೆಯುವ ಪಟ್ಟಿ, ಶ್ಯಾಕಲ್ ಇರಲಿ. ಹಿಂದಿನ ಟೋ ಬಾಲ್‌ಗೆ ಹಗ್ಗ ಹಾಕಿ ಜಗ್ಗಬೇಡಿ. ಅದು ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ಎಳೆಯುವಾಗ ಪಟ್ಟಿಯ ಹತ್ತಿರ ಯಾರೂ ನಿಲ್ಲಬಾರದು.

ಇಷ್ಟು ಮಾಡಿ ಕೆಲವು ತಿಂಗಳು ಓಡಿಸಿ. ಗಾಡಿ ನಿಜವಾಗಿ ಎಲ್ಲಿ ತಾಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಆಗ ಗೊತ್ತಾಗುತ್ತದೆ. ಮುಂದೇನು ಬೇಕು ಎಂಬುದನ್ನು ಆಗ ನಿರ್ಧರಿಸಿ. ಹಾಗೆಯೇ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ ಎಂಬುದು ನೆನಪಿರಲಿ. ತೋಟದ ದಾರಿಯಾದರೆ ಮಾಲೀಕರನ್ನು ಕೇಳಿಯೇ ಹೋಗಿ.

ಕೊನೆಯ ಮಾತು: ಮೂರಿಂಚು ಎತ್ತಿದರೆ ಜಿಪ್ಸಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬುದು ನಿಜವಲ್ಲ. ಬ್ರೇಕ್ ಹಿಡಿಯುವ, ಸ್ಟೀರಿಂಗ್ ಹೇಳಿದಂತೆ ಕೇಳುವ, ಟೈರ್ ಸರಿಯಿರುವ ಸಾದಾ ಜಿಪ್ಸಿ ಹೋದಲ್ಲಿಂದ ವಾಪಸ್ ಬರುತ್ತದೆ. ಲಿಫ್ಟ್ ಕಿಟ್ಟಿನ ವಿಡಿಯೋ ನಿಮ್ಮ ಗುಂಪಿಗೆ ಬಂದರೆ, ಮೇಲಿನ ಆರು ಅಂಶಗಳನ್ನೂ ಅದರ ಜೊತೆಗೇ ಕಳುಹಿಸಿ.