ಆರು ವಾರದ ತುಕ್ಕು

ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಒಡಲು ಚಾಚಿಕೊಂಡಿದೆ. ಉದ್ದ 93 ಸೆಂಟಿಮೀಟರ್. ತೀರ ಅಗಲವಾದ ಕಡೆಯೂ ಅಂಗೈಯಷ್ಟೇ. ಎಡಬಲದ ಹೋಳುಗಳನ್ನು ಅಂಟಿಸಿ, ರಬ್ಬರ್‌ಬ್ಯಾಂಡ್ ಬಿಗಿದು ಒಣಗಲು ಬಿಟ್ಟಿದ್ದಾಯಿತು. ಕೂಡಿದ ಗೆರೆಗೆ ಪುಟ್ಟಿ ತುಂಬಿ, ನೀರದ್ದಿದ ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದ್ದಾಯಿತು. ಈಗ ಅದು ಪೆಟ್ಟಿಗೆಯಿಂದ ಬಂದ ಬಣ್ಣದಲ್ಲೇ ಇದೆ, ಪ್ಲಾಸ್ಟಿಕ್ಕಿನ ಪೇಲವ ಬೂದು. ಇನ್ನು ಇದನ್ನು ಆರು ವಾರ ಅಟ್ಲಾಂಟಿಕ್ ಸಾಗರದಲ್ಲಿ ಅಲೆದಾಡಿಸಿ ತಂದಂತೆ ಕಾಣಿಸಬೇಕು.

ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ, ಏಳು-ಸಿ ಮಾದರಿಯದು. ನಿಜವಾದ ದೋಣಿಯ ಉದ್ದ 67 ಮೀಟರ್. ರೆವೆಲ್ ಕಂಪನಿಯ ಕಿಟ್ ಅದನ್ನು 72ನೇ ಒಂದು ಭಾಗಕ್ಕೆ ಇಳಿಸಿದೆ. ಈ ಮಾದರಿಯ ನೂರಾರು ದೋಣಿಗಳು ಕಡಲಿಗಿಳಿದವು. ಮೇಜಿನ ಮೇಲಿರುವುದು ಅವುಗಳಲ್ಲಿ ಒಂದು, ಯು-96. 1941ರ ಅಕ್ಟೋಬರ್ ಕೊನೆಯಲ್ಲಿ ಹೊರಟು, ಡಿಸೆಂಬರ್ ಮೊದಲ ವಾರದಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಬಂದರಿಗೆ ಮರಳಿದ ಯು-96. ಆ ಪಯಣದಲ್ಲಿ ಲೋಥಾರ್ ಗುಂಥರ್ ಬುಖ್‌ಹೈಮ್ ಎಂಬ ಯುದ್ಧ ವರದಿಗಾರ ಕ್ಯಾಮೆರಾ ಹಿಡಿದು ದೋಣಿಯಲ್ಲಿದ್ದ. ಮುಂದೆ ಅವನು ಬರೆದ ‘ದಾಸ್ ಬೂಟ್’ ಕಾದಂಬರಿಯೂ ಅದನ್ನು ಆಧರಿಸಿದ 1981ರ ಸಿನಿಮಾವೂ ಜಗತ್ತಿಗೆ ಗೊತ್ತು. ಮಾದರಿ ಕಟ್ಟುವವರಿಗೆ ಅವನ ಕಾದಂಬರಿಗಿಂತ ಅವನ ಫೋಟೋಗಳೇ ದೊಡ್ಡ ಆಸ್ತಿ.

ಬಣ್ಣಕ್ಕೆ ಮೊದಲು ಕೊರೆಯುವ ಕೆಲಸ. ಒಡಲಿನ ಪಕ್ಕದಲ್ಲಿ ಉದ್ದಕ್ಕೂ ಸಾಲು ಸಾಲು ಕಿಂಡಿಗಳಿವೆ. ಹಲವು ಕಿಟ್‌ಗಳಲ್ಲಿ ಇವು ಬರೀ ಕುಳಿಗಳಾಗಿ ಅಚ್ಚಾಗಿರುತ್ತವೆ. ಅವನ್ನು ಸಣ್ಣ ಡ್ರಿಲ್‌ನಿಂದ ತೂತು ಮಾಡಿ, ಚಾಕುವಿನಿಂದ ಅಂಚು ಕೆತ್ತಿ, ಒಂದೊಂದನ್ನೂ ತೆರೆಯಬೇಕು. ಬೆರಳು ನೋಯುತ್ತದೆ, ಕಣ್ಣು ಉರಿಯುತ್ತದೆ. ಆದರೂ ಇದನ್ನು ಬಿಟ್ಟು ಮುಂದೆ ಹೋಗುವುದು ಸಲ್ಲದು. ಈ ಕಿಂಡಿಗಳಿರುವ ಹೊರಮೈ ನೀರು ತಡೆಯುವುದೇ ಇಲ್ಲ. ಅದೊಂದು ತೆಳು ಹೊದಿಕೆ. ಕಡಲಿನ ಒತ್ತಡ ತಾಳುವ ದಪ್ಪ ಉಕ್ಕಿನ ಕೊಳವೆ ಅದರೊಳಗಿದೆ, ಮನುಷ್ಯರು ಇದ್ದದ್ದು ಅದರಲ್ಲಿ. ಎರಡರ ನಡುವಿನ ಜಾಗಕ್ಕೆ ನೀರು ನುಗ್ಗಿ ಗಾಳಿ ಹೊರಬಿದ್ದರೆ ಮಾತ್ರ ದೋಣಿ ಥಟ್ಟನೆ ಮುಳುಗೀತು. ವಿಮಾನ ಕಂಡ ಗಳಿಗೆಯಿಂದ ಅರ್ಧ ನಿಮಿಷದೊಳಗೆ ಮರೆಯಾಗಬೇಕಾದ ದೋಣಿಗೆ ಈ ಕಿಂಡಿಗಳೇ ಪ್ರಾಣ. ಮೇಲೆದ್ದಾಗ ಅದೇ ನೀರು ಅದೇ ಕಿಂಡಿಗಳಿಂದ ಧಾರೆಧಾರೆಯಾಗಿ ಸುರಿಯುತ್ತದೆ. ಮುಂದೆ ಎಳೆಯಲಿರುವ ಪ್ರತಿಯೊಂದು ತುಕ್ಕಿನ ಗೆರೆಯೂ ಇಲ್ಲಿಂದಲೇ ಹುಟ್ಟಬೇಕು. ತೆರೆದ ಕಿಂಡಿಯ ಹಿಂದೆ ಬೋಳು ಪ್ಲಾಸ್ಟಿಕ್ ಇಣುಕಬಾರದೆಂದು ಒಳಮೈಗೆ ಮೊದಲೇ ಕಪ್ಪು ಬಳಿದಿರುತ್ತದೆ.

ಏರ್‌ಬ್ರಷ್ಷಿನ ಸದ್ದು ಶುರುವಾಗುತ್ತದೆ. ಕೆಳಮೈಗೆ ಕಡುಬೂದು, ಮೇಲ್ಮೈಗೆ ಮತ್ತು ನಡುವೆ ಎದ್ದು ನಿಂತ ಗೋಪುರಕ್ಕೆ ಮೋಡದ ದಿನದ ಅಟ್ಲಾಂಟಿಕ್‌ನಲ್ಲಿ ಕರಗಿಹೋಗುವ ತಿಳಿಬೂದು. ಹಡಗೆಂದರೆ ತಳ ಕೆಂಪಿರಬೇಕೆಂಬ ಅಭ್ಯಾಸ ಇಲ್ಲಿ ನಡೆಯದು. ಅಟ್ಟದ ಹಲಗೆಗಳು ನಿಜದಲ್ಲಿ ಮರದವು, ಕೊಳೆಯದಂತೆ ಕಪ್ಪು ಲೇಪ ಕಂಡವು; ಅವಕ್ಕೆ ತೇಗದ ಹೊಳಪು ಕೊಟ್ಟರೆ ದೋಣಿ ವಿಹಾರನೌಕೆಯಾದೀತು. ಬಣ್ಣದ ಡಬ್ಬಿಯಲ್ಲಿರುವ ಬೂದನ್ನು ಹಾಗೇ ಹೊಡೆಯುವಂತೆಯೂ ಇಲ್ಲ. ದೂರದ ವಸ್ತು ಗಾಳಿಯ ಮಬ್ಬಿನಲ್ಲಿ ತಿಳಿಯಾಗಿ ಕಾಣುತ್ತದೆ. 67 ಮೀಟರಿನ ದೋಣಿಯನ್ನು ಒಂದು ಮಾರಿನೊಳಗೆ ತಂದಾಗ ಆ ದೂರವನ್ನೂ ಬಣ್ಣದಲ್ಲೇ ಕೊಡಬೇಕು. ಆದ್ದರಿಂದ ಬೂದುಬಣ್ಣಕ್ಕೆ ಕೆಲವು ಹನಿ ಬಿಳಿ.

ಬಣ್ಣ ಮುಗಿದಾಗ ದೋಣಿ ಚೆಂದವಾಗಿದೆ, ಮತ್ತು ಸುಳ್ಳಾಗಿದೆ. ನಿಜದ ದೋಣಿ ನೋಡಿ ಕಲಿಯೋಣವೆಂದರೆ ಜರ್ಮನಿಯ ಕೀಲ್ ಬಳಿಯ ಲಾಬೋ ಕಡಲತೀರದಲ್ಲಿ ಯು-995 ನಿಂತಿದೆ, ಈ ಏಳನೇ ಮಾದರಿಯಲ್ಲಿ ಉಳಿದಿರುವುದು ಅದೊಂದೇ. ನಮ್ಮ ವಿಶಾಖಪಟ್ಟಣದ ಕಡಲದಂಡೆಯಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿ ಇದೆ. ಎರಡರ ಒಳಹೊಕ್ಕು ನೋಡಬಹುದು, ಆಕಾರ ಅಳೆಯಬಹುದು. ಮೈಬಣ್ಣ ಕಲಿಯಲು ಮಾತ್ರ ಆಗದು. ಮ್ಯೂಸಿಯಮ್ಮಿನವರು ಒಪ್ಪವಾಗಿ ಬಣ್ಣ ಹೊಡೆದು ಕಾಪಾಡುತ್ತಾರೆ, ಅದು ಅವರ ಧರ್ಮ. ಕಡಲು ಹೊಡೆದ ಬಣ್ಣ ನೋಡಬೇಕಾದರೆ ಆಗಿನ ಫೋಟೋಗಳಿಗೇ ಹೋಗಬೇಕು. ಫೋಟೋಗಳೋ ಕಪ್ಪುಬಿಳುಪು. ತುಕ್ಕಿನ ಕಲೆ ಎಲ್ಲಿದೆ, ಎಷ್ಟುದ್ದ ಇಳಿದಿದೆ ಎಂದು ಅವು ಹೇಳುತ್ತವೆ. ಯಾವ ಕೆಂಪು, ಎಷ್ಟು ಕಂದು ಎಂದು ಹೇಳವು. ಅದನ್ನು ಕಲಿಯಲು ಕನ್ನಡಿಗರಿಗೆ ಒಳ್ಳೆಯ ಶಾಲೆಯಿದೆ: ಮಂಗಳೂರಿನ ದಕ್ಕೆ, ಮಲ್ಪೆಯ ಬಂದರು. ಮಳೆಗಾಲದ ರಜೆಯಲ್ಲಿ ಸಾಲಾಗಿ ಕಟ್ಟಿಹಾಕಿದ ಉಕ್ಕಿನ ಬೋಟುಗಳ ಪಕ್ಕೆ ನೋಡಿ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಾಚಿನ ಬಣ್ಣ, ಅದಕ್ಕೂ ಹಳೆಯದು ಕಪ್ಪಿಗೆ ತಿರುಗಿದ ಕಂದು. ಮೂರೂ ಒಂದೇ ಮೊಳೆಯ ಸುತ್ತ ಇರುತ್ತವೆ, ಹೊಸದು ಅಂಚಿನಲ್ಲಿ.

ಏಳನೇ ಮಾದರಿ ಜಲಾಂತರ್ಗಾಮಿ ಎನಿಸಿಕೊಂಡರೂ ಬಹುಪಾಲು ನೀರಿನ ಮೇಲೇ ಓಡಾಡಿದ ದೋಣಿ. ಮೇಲೆ ಡೀಸೆಲ್‌ನಲ್ಲಿ ನಿಧಾನವಾಗಿ ಹೋದರೆ 8,500 ನಾಟಿಕಲ್ ಮೈಲಿ. ಒಳಗೆ ಬ್ಯಾಟರಿಯಲ್ಲಿ ಹೋದರೆ 80ರಷ್ಟು ಮೈಲಿಗೇ ಶಕ್ತಿ ಮುಗಿಯಿತು. ಹಾಗಾಗಿ ಅದರ ಮೈಮೇಲೆ ಒಂದೇ ದಿನದಲ್ಲಿ ಅಲೆಯೂ ಬಿಸಿಲೂ ಉಪ್ಪೂ ಮುಳುಗೂ ಆಗಿಹೋಗುತ್ತಿದ್ದವು. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಉಕ್ಕಿನಷ್ಟು ಬೇಗ ಇನ್ನಾವುದೂ ತುಕ್ಕು ಹಿಡಿಯದು.

ಮೂತಿಯಿಂದ ಶುರು. ಅಲೆ ಬಂದು ಬಡಿಯುವುದು ಇಲ್ಲಿ. ಬಣ್ಣ ಸುಲಿದು ಕೆಳಗಿನ ಪದರ ಕಾಣಬೇಕು. ಇದಕ್ಕಾಗಿ ಮೊದಲೇ ತುಕ್ಕುಗಂದು ಹೊಡೆದು, ಅದರ ಮೇಲೆ ತಲೆಗೂದಲಿಗೆ ಹಾಕುವ ಹೇರ್‌ಸ್ಪ್ರೇ, ಅದರ ಮೇಲೆ ಬೂದು. ಈಗ ಉಗುರುಬೆಚ್ಚಗಿನ ನೀರು ಸವರಿ ಬಿರುಸು ಕೂದಲಿನ ಬ್ರಷ್ಷಿನಿಂದ ಕುಕ್ಕಿದರೆ, ನಡುವಿನ ಪದರ ಕರಗಿ ಬೂದು ಚಕ್ಕೆಚಕ್ಕೆಯಾಗಿ ಏಳುತ್ತದೆ. ಎಲ್ಲಿ ಎಷ್ಟು ಏಳುತ್ತದೆಂಬುದು ಕೈಯಲ್ಲಿ ಪೂರ್ತಿ ಇಲ್ಲ, ಅದೇ ಅದರ ಸೊಗಸು. ಕಡಲು ಸಮನಾಗಿ ಸುಲಿಯುವುದಿಲ್ಲ.

ಅನಂತರ ಎಣ್ಣೆಬಣ್ಣ. ಕಿಂಡಿಯ ಕೆಳತುಟಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ. ಸ್ವಲ್ಪ ಹೊತ್ತು ಬಿಟ್ಟು, ತಿನ್ನರ್‌ನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಬ್ರಷ್ಷನ್ನು ಮೇಲಿನಿಂದ ಕೆಳಗೆ ಒಂದೇ ಸಲ ಎಳೆಯಬೇಕು. ಮೇಲೆ ಗಾಢ, ಇಳಿಯುತ್ತ ತೆಳು, ಕೊನೆಗೆ ಎಲ್ಲಿ ಮುಗಿಯಿತೆಂದು ತಿಳಿಯಬಾರದು. ಗೆರೆ ನೀರಿನ ದಾರಿಯಲ್ಲೇ ಹೋಗಬೇಕು. ಪಕ್ಕದಲ್ಲಿ ಉಬ್ಬಿದ ಟ್ಯಾಂಕಿನ ಹೆಗಲಿಗೆ ಬಂದಾಗ ನೀರು ಅಲ್ಲಿ ಕೊಂಚ ಹರಡಿಕೊಳ್ಳುತ್ತದೆ. ಹೆಗಲು ದಾಟಿ ಮತ್ತೆ ಸಪೂರಾಗಿ ಇಳಿಯುತ್ತದೆ. ಗೆರೆಯೂ ಹರಡಿ ಸಪೂರಾಗಬೇಕು. ಕೆಲವು ಕಿಂಡಿಗಳಿಗೆ ಉದ್ದ ಗೆರೆ, ಕೆಲವಕ್ಕೆ ಗಿಡ್ಡ, ನಡುವೆ ಕೆಲವಕ್ಕೆ ಏನೂ ಇಲ್ಲ.

ಹಿಂದುಗಡೆ, ಡೀಸೆಲ್ ಹೊಗೆ ಹೊರಬರುವ ಬಾಯಿಗಳ ಸುತ್ತ ಬಣ್ಣದ ಪೌಡರಿನಿಂದ ಮಸಿ. ಅದು ತುಕ್ಕಿನಂತೆ ಕೆಳಗಿಳಿಯದು, ದೋಣಿ ಮುಂದೆ ಸಾಗಿದಂತೆ ಹಿಂದಕ್ಕೆ ಬಾಲ ಬಿಡುತ್ತದೆ. ನೀರುಮಟ್ಟದ ಗೆರೆಯುದ್ದಕ್ಕೂ ಪಾಚಿಯ ಹಸಿರು, ಅದರ ಮೇಲೆ ಒಣಗಿದ ಉಪ್ಪಿನ ಬಿಳಿ ಪೊರೆ. ಗೋಪುರದ ಮೇಲೆ ನಾಲ್ಕು ನಾಲ್ಕು ಗಂಟೆಯ ಪಾಳಿಯಲ್ಲಿ ಕಾವಲುಗಾರರು ನಿಲ್ಲುತ್ತಿದ್ದರು, ದುರ್ಬೀನು ಹಿಡಿದು, ಕಟಕಟೆಗೆ ಎದೆಯೊತ್ತಿ. ಅವರ ತೋಳು ತಾಗಿ ಸವೆದ ಅಂಚಿಗೆ ಪೆನ್ಸಿಲ್ಲಿನ ಸೀಸ ಸವರಿದರೆ ಬರಿಯ ಲೋಹದ ಮಿನುಗು ಬರುತ್ತದೆ. ಗೋಪುರದ ಪಕ್ಕದಲ್ಲಿರುವ ನಗುವ ಗರಗಸ ಮೀನು ಯು-96ರ ಗುರುತು. ಅದೂ ಅದೇ ಕಡಲನ್ನು ಕಂಡಿದೆ, ಅದಕ್ಕೂ ಮಾಸಲು ಬೇಕು.

ಈ ಹಂತದಲ್ಲಿ ಕೈ ತಡೆಯುವುದು ಕಷ್ಟ. ಒಂದು ಮಿಲಿಮೀಟರ್ ಚಕ್ಕೆ ಎಂದರೆ ನಿಜದ ದೋಣಿಯಲ್ಲಿ ಏಳು ಸೆಂಟಿಮೀಟರಿನ ಗಾಯ. ಬೆರಳುದ್ದದ ಗೆರೆ ಎಂದರೆ ಆಳೆತ್ತರದಾಚೆ. ಪ್ರದರ್ಶನಗಳಲ್ಲಿ ಕಾಣುವ ಅನೇಕ ಮಾದರಿಗಳು ಇಪ್ಪತ್ತು ವರ್ಷ ಗುಜರಿಯಲ್ಲಿ ಬಿದ್ದಂತಿರುತ್ತವೆ. ಕೈಚಳಕ ಇದೆ, ಆದರೆ ಅಂಥ ದೋಣಿಯಲ್ಲಿ ಯಾರೂ ಕಡಲಿಗೆ ಹೋಗಲಾರರು. ಮುಂದಿನ ಪಯಣದ ಮುಂಚೆ ಹಡಗುಕಟ್ಟೆಯಲ್ಲಿ ಕೆರೆದು ಬಣ್ಣ ಹೊಡೆಯುವವರಿದ್ದರು. ಇಲ್ಲಿ ಬೇಕಾದದ್ದು ಆರು ವಾರದ ತುಕ್ಕು ಮಾತ್ರ, ಪ್ರತಿ ಕಲೆಗೂ ಒಂದು ಕಾರಣ.

ಆ ಆರು ವಾರಗಳನ್ನು ಬಣ್ಣವಾಗಿ ಮಾತ್ರ ನೋಡುವುದು ನನ್ನಿಂದಾಗದು. ಅಕ್ಟೋಬರ್ 31ರಂದು ಯು-96 ಬೆನ್ನೆಕಾಮ್ ಎಂಬ ಡಚ್ ಸರಕು ಹಡಗನ್ನು ಮುಳುಗಿಸಿತು. ಆ ಯುದ್ಧದಲ್ಲಿ ಮುಳುಗಿದ ಬ್ರಿಟಿಷ್ ಸರಕು ಹಡಗುಗಳ ಎಂಜಿನ್ ಕೋಣೆಗಳಲ್ಲಿ ಭಾರತದ ಲಸ್ಕರ್ ನಾವಿಕರೂ ಇದ್ದರು. ಜರ್ಮನ್ ಜಲಾಂತರ್ಗಾಮಿಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000ದಷ್ಟು ಜನ ಮರಳಲಿಲ್ಲ. ಯು-96 ಕೂಡ 1945ರ ಮಾರ್ಚ್‌ನಲ್ಲಿ ವಿಲ್ಹೆಲ್ಮ್ಸ್‌ಹಾಫನ್ ಬಂದರಿನಲ್ಲಿ ಬಾಂಬಿಗೆ ಸಿಕ್ಕಿ ಮುಳುಗಿತು. ಹೊಳೆಯುವ ಹೊಸ ಬಣ್ಣದ ಜಲಾಂತರ್ಗಾಮಿ ಆಯುಧದ ಮೋಹವನ್ನಷ್ಟೇ ತೋರಿಸುತ್ತದೆ. ಸವೆದ ಕಟಕಟೆ ಅಲ್ಲಿ ಮನುಷ್ಯರು ನಿಂತಿದ್ದರೆಂದು ಹೇಳುತ್ತದೆ. ಕಲೆಗಳನ್ನು ಇಷ್ಟು ಜತನದಿಂದ ಹಾಕುವುದಕ್ಕೆ ನನಗೆ ಇದೇ ಕಾರಣ.

ಉಳಿದದ್ದು ಹೊಳಪಿಲ್ಲದ ವಾರ್ನಿಷ್ಷಿನ ಒಂದು ತೆಳು ಕೈ. ಎಣ್ಣೆಬಣ್ಣದ ಮಿರುಗು, ಪೌಡರಿನ ಒರಟು, ಪೆನ್ಸಿಲ್ಲಿನ ಹೊಳಪು ಎಲ್ಲವೂ ಅದರಡಿ ಒಂದೇ ಮೈಯಾಗುತ್ತವೆ. ಗಾಢವಾದ ಬಣ್ಣಗಳು ಒಂದು ಪಾಲು ತಣಿಯುತ್ತವೆ. ಅದಕ್ಕಾಗಿ ತುಕ್ಕನ್ನು ಮೊದಲೇ ಕೂದಲೆಳೆ ಹೆಚ್ಚಿಗೆ ಹಾಕಿರಬೇಕು. ಕಟಕಟೆಯ ಅಂಚಿಗೆ ಮಾತ್ರ ಸೀಸ ಇನ್ನೊಮ್ಮೆ.

ಕಟ್ಟಕಡೆಗೆ ಗೋಪುರದಿಂದ ಮೂತಿಗೂ ಬಾಲಕ್ಕೂ ಬಿಗಿದ ತಂತಿಗಳು. ಮೊದಲೇ ಕಟ್ಟಿದರೆ ಬ್ರಷ್ಷಿಗೆ ಸಿಕ್ಕಿ ಕಿತ್ತುಬರುತ್ತವೆ. ಮೇಣದಬತ್ತಿಯ ಉರಿಗೆ ಹಿಡಿದು ಮೆತ್ತಗಾದ ಪ್ಲಾಸ್ಟಿಕ್ ಕಡ್ಡಿಯನ್ನು ಎರಡೂ ಕೈಯಲ್ಲಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಈಗೀಗ ಹಿಗ್ಗುವ ಸಪೂರ ದಾರವೂ ಸಿಗುತ್ತದೆ, ಅದು ಕೈ ತಾಗಿದರೂ ಜೋಲುವುದಿಲ್ಲ. ತಂತಿಯ ಮೇಲಿನ ಇನ್ಸುಲೇಟರ್‌ಗಳಿಗೆ ಸೂಜಿಮೊನೆಯಲ್ಲಿ ಬಿಳಿ ಅಂಟಿನ ಹನಿ. ಒಂದು ಹನಿ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ದುಂಡಗಾಗುವ ತನಕ. ಅವು ಗಟ್ಟಿಯಾದ ಮೇಲೆ ಮೊನೆ ಬ್ರಷ್ಷಿನಿಂದ ಬಣ್ಣ.